ಮಾಲ್ಟ್ ಎಂಬ ಹೆಸರು, ಮೊಳಕೆ ರಾಗಿ ಎಂಬ ವಿದ್ಯೆ

ಮದ್ದೂರು, ಮಳವಳ್ಳಿ ಕಡೆಯ ಯಾವುದೇ ಊರಿನ ಅಂಗಡಿಯಲ್ಲಿ 'ಮಾಲ್ಟ್ ಕೊಡಿ' ಎಂದು ಕೇಳಿದರೆ ಅಂಗಡಿಯವನು ಮರುಮಾತಿಲ್ಲದೆ ರಾಗಿಯ ಪೊಟ್ಟಣವೊಂದನ್ನು ಮುಂದಿಡುತ್ತಾನೆ. ಅದೇ ಮಾತನ್ನು ಜರ್ಮನಿ ದೇಶದಲ್ಲಿ ಆಡಿದರೆ ಕೈಗೆ ಬರುವುದು ಕಪ್ಪು ಬಣ್ಣದ, ನೊರೆಯುಕ್ಕುವ, ಸಿಹಿಯಾದ ಒಂದು ಶೀಶೆ. ಅಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಪತ್ರ ಬರೆದು, 'ಮೇಷ್ಟ್ರೇ, ಇಲ್ಲಿ ಇದನ್ನು ಮಕ್ಕಳಿಗೂ ಬಾಣಂತಿಯರಿಗೂ ಕೊಡುತ್ತಾರೆ. ಹೆಸರಿನಲ್ಲಿ ಬಿಯರ್ ಇದೆ, ಆದರೆ ಅಮಲಿಲ್ಲವಂತೆ. ನಮ್ಮ ರಾಗಿ ಮಾಲ್ಟಿಗೂ ಇದಕ್ಕೂ ಏನಾದರೂ ಸಂಬಂಧವುಂಟೇ?' ಎಂದು ಕೇಳಿದ್ದ. ಎರಡು ಸಾಲಿನಲ್ಲಿ ಉತ್ತರಿಸಬಹುದಾದ ಪ್ರಶ್ನೆ ಇದಲ್ಲವಾದ್ದರಿಂದ ಈ ಲೇಖನ.

ಸಂಬಂಧವುಂಟು, ಅದೂ ಹತ್ತಿರದ ಸಂಬಂಧ. ಮಾಲ್ಟ್ ಎಂಬುದು ಯಾವುದೇ ಒಂದು ಧಾನ್ಯದ ಹೆಸರಲ್ಲ, ಒಂದು ಪಾನೀಯದ ಹೆಸರೂ ಅಲ್ಲ. ಧಾನ್ಯವನ್ನು ನೆನೆಸಿ, ಮೊಳಕೆ ಬರಿಸಿ, ಆ ಮೊಳಕೆ ಬೆಳೆದು ಪೈರಾಗುವ ಮೊದಲೇ ಒಣಗಿಸಿ ನಿಲ್ಲಿಸಿದರೆ ದೊರೆಯುವ ವಸ್ತುವೇ ಮಾಲ್ಟ್. ಕಾಳಿನೊಳಗಿನ ಪಿಷ್ಟವು ಸಸಿಗೆಂದು ಕೂಡಿಟ್ಟ ಬುತ್ತಿ. ಅದು ಹಾಗೆಯೇ ಸಸಿಯ ಉಪಯೋಗಕ್ಕೆ ಬರುವುದಿಲ್ಲ, ಒಡೆದು ಸಕ್ಕರೆಯಾಗಬೇಕು. ಆ ಒಡೆಯುವ ಕೆಲಸಕ್ಕಾಗಿ ಮೊಳೆಯುವ ಕಾಳು ಅಮೈಲೇಸ್ ಎಂಬ ಕಿಣ್ವವನ್ನು ತಾನೇ ಸಿದ್ಧಪಡಿಸಿಕೊಳ್ಳುತ್ತದೆ. ಹೀಗೆ ಹುಟ್ಟುವ ಸಕ್ಕರೆಗೆ ಮಾಲ್ಟೋಸ್ ಎಂಬ ಹೆಸರು ಬಂದದ್ದೇ ಮಾಲ್ಟ್ ಎಂಬ ಪದದಿಂದ. ಜರ್ಮನರು ಈ ಕ್ರಿಯೆಗೆ ಬಾರ್ಲಿಯನ್ನು ಆರಿಸಿಕೊಂಡರು, ನಮ್ಮ ಅಜ್ಜಿಯರು ರಾಗಿಯನ್ನು ಆರಿಸಿಕೊಂಡರು. ವಿದ್ಯೆ ಒಂದೇ.

ಮೊದಲು ಆ ಶೀಶೆಯ ವಿಚಾರವನ್ನು ಮುಗಿಸಿಬಿಡೋಣ. ಅದನ್ನು ಆಡುಮಾತಿನಲ್ಲಿ ಮಾಲ್ಟ್ಸ್‌ಬಿಯರ್ ಎನ್ನುತ್ತಾರೆ. ಶೀಶೆಯ ಮೇಲೆ ಸಾಮಾನ್ಯವಾಗಿ ಮಾಲ್ಟ್ಸ್‌ಟ್ರುಂಕ್, ಅಂದರೆ ಮಾಲ್ಟ್ ಪಾನೀಯ ಎಂದು ಮುದ್ರಿಸಿರುತ್ತದೆ. ಬಿಯರ್ ತಯಾರಿಕೆಗೆ ಬಾರ್ಲಿ, ಹಾಪ್ಸ್, ನೀರು ಇಷ್ಟನ್ನೇ ಬಳಸತಕ್ಕದ್ದೆಂದು ಬವೇರಿಯದಲ್ಲಿ 1516ರಷ್ಟು ಹಿಂದೆಯೇ ಒಂದು ಶಾಸನವಾಯಿತು. ಆ ಸಂಪ್ರದಾಯದವರಿಗೆ ಸಕ್ಕರೆ ಬೆರೆಸಿದ ಪಾನೀಯವನ್ನು ಬಿಯರ್ ಎಂದು ಕರೆಯುವುದು ಒಪ್ಪಿಗೆಯಾಗದ ಸಂಗತಿ. ಹೀಗಾಗಿ ಹೆಸರಿನಲ್ಲಿ ಈ ಸಂಕೋಚ. ಮೊಳಕೆ ಬಾರ್ಲಿಯ ನುಚ್ಚನ್ನು ಬಿಸಿನೀರಿನಲ್ಲಿ ನೆನೆಸಿ, ಸಿಹಿರಸವನ್ನು ಬಸಿದು, ಹಾಪ್ಸ್ ಎಂಬ ಕಹಿ ಹೂವಿನೊಡನೆ ಕುದಿಸಿ, ಬಳಿಕ ಸೊನ್ನೆ ಡಿಗ್ರಿಯ ಹತ್ತಿರಕ್ಕೆ ತಣಿಸಿದ ಮೇಲೆ ಯೀಸ್ಟ್ ಹಾಕುತ್ತಾರೆ. ಅಷ್ಟು ಚಳಿಯಲ್ಲಿ ಯೀಸ್ಟ್ ಕೆಲಸ ಮಾಡದೆ ಮುದುಡಿ ಕೂರುವುದರಿಂದ ಹುದುಗು ಏಳುವುದಿಲ್ಲ. ಮದ್ಯಸಾರ ಶೇಕಡಾ ಅರ್ಧವನ್ನು ಮೀರುವುದಿಲ್ಲ. ನೊರೆಗಾಗಿ ಅನಿಲವನ್ನೂ, ಸಿಹಿಗಾಗಿ ಬಹುತೇಕ ತಯಾರಕರು ಸಕ್ಕರೆಯನ್ನೂ ಸೇರಿಸುತ್ತಾರೆ.

ಪೋಷಣೆಯ ದೃಷ್ಟಿಯಿಂದ ನೋಡಿದರೆ ನೂರು ಮಿಲಿಲೀಟರಿಗೆ ಸುಮಾರು ಹತ್ತು ಗ್ರಾಂ ಸಕ್ಕರೆ, ಐವತ್ತರ ಆಸುಪಾಸಿನ ಕ್ಯಾಲರಿ, ಅಲ್ಪಸ್ವಲ್ಪ ಬಿ ಜೀವಸತ್ವ. ಅರ್ಧ ಲೀಟರಿನ ಶೀಶೆಯೊಂದನ್ನು ಕುಡಿದರೆ ಐವತ್ತು ಗ್ರಾಂ ಸಕ್ಕರೆ ಒಳಗೆ ಹೋಗುತ್ತದೆ. ವಯಸ್ಕನೊಬ್ಬ ದಿನವಿಡೀ ತಿನ್ನಬಹುದಾದ ಸಕ್ಕರೆಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಗರಿಷ್ಠ ಮಿತಿಯೇ ಹೆಚ್ಚುಕಡಿಮೆ ಅಷ್ಟು. ಹಬ್ಬಕ್ಕೊಂದು ದಿನ ಮಕ್ಕಳು ಕುಡಿದರೆ ದೋಷವಿಲ್ಲ, ಪುಷ್ಟಿಗೆಂದು ನಿತ್ಯ ಕುಡಿಸುವುದು ತರವಲ್ಲ ಎಂದು ಆ ವಿದ್ಯಾರ್ಥಿಗೆ ಬರೆದೆ.

ಆದರೆ ಮಾಲ್ಟನ್ನು ಮಕ್ಕಳ ಆಹಾರವಾಗಿ ವಿಜ್ಞಾನದ ಕಣ್ಣಿನಿಂದ ನೋಡಿದವರಲ್ಲಿ ಮುಂಚೂಣಿಯಲ್ಲಿ ನಿಲ್ಲುವವನೂ ಒಬ್ಬ ಜರ್ಮನನೇ ಎಂಬುದು ಗಮನಾರ್ಹ. ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಓದಿದವರಿಗೆ ಲೀಬಿಗ್ ಕಂಡೆನ್ಸರ್ ಎಂಬ ಗಾಜಿನ ಕೊಳವೆ ನೆನಪಿರಬಹುದು. ಆ ಯುಸ್ಟುಸ್ ಫಾನ್ ಲೀಬಿಗ್ ಮಹಾಶಯ, ತನ್ನ ಮೊಮ್ಮಕ್ಕಳಿಗೆ ತಾಯಿಯ ಹಾಲು ದೊರೆಯದ ಸಂದರ್ಭದಲ್ಲಿ ಒಂದು ಸೂಪನ್ನು ರೂಪಿಸಿ 1865ರಲ್ಲಿ ಪ್ರಕಟಿಸಿದ. ಗೋಧಿ ಹಿಟ್ಟು, ಮಾಲ್ಟ್ ಹಿಟ್ಟು, ಹಸುವಿನ ಹಾಲು ಮತ್ತು ಸ್ವಲ್ಪ ಪೊಟ್ಯಾಸಿಯಂ ಬೈಕಾರ್ಬೊನೇಟ್ ಇವುಗಳ ಮಿಶ್ರಣ ಅದು. ಗೋಧಿಯ ಪಿಷ್ಟವನ್ನು ಮಗುವಿನ ಎಳೆಯ ಹೊಟ್ಟೆ ಒಡೆಯಲಾರದು, ಆ ಕೆಲಸವನ್ನು ಮಾಲ್ಟಿನ ಕಿಣ್ವ ಮೊದಲೇ ಮುಗಿಸಿಕೊಡಲಿ ಎಂಬುದು ಆತನ ತರ್ಕ. ಈ ತತ್ತ್ವವನ್ನು ಹಿಡಿದು ಇಂಗ್ಲೆಂಡಿನಲ್ಲಿ ಮೆಲಿನ್ ಎಂಬ ಕಂಪನಿ ಶಿಶು ಆಹಾರವನ್ನು ಮಾರಿತು. ಅಲ್ಲಿ ಕೆಲಸ ಮಾಡುತ್ತಿದ್ದ ಜೇಮ್ಸ್ ಹಾರ್ಲಿಕ್ ಅಮೆರಿಕಕ್ಕೆ ಹೋಗಿ, ತಮ್ಮ ವಿಲಿಯಂನೊಡನೆ ಸೇರಿ 1873ರಲ್ಲಿ ಕಂಪನಿ ಕಟ್ಟಿದ. 1883ರಲ್ಲಿ ಮಾಲ್ಟ್ ಬೆರೆತ ಹಾಲಿನ ಪುಡಿಗೆ ಪೇಟೆಂಟ್ ದೊರೆಯಿತು. ಆ ಪುಡಿಯ ಹೆಸರನ್ನು ನಾನು ಹೇಳಬೇಕಾಗಿಲ್ಲ. ಪಂಜಾಬಿನ ನಾಭಾದಲ್ಲಿ 1960ರ ಸುಮಾರಿಗೆ ಅದರ ಕಾರ್ಖಾನೆ ಆರಂಭವಾದ ಬಳಿಕ ನಮ್ಮ ದೇಶದ ಸಣ್ಣ ಊರುಗಳಿಗೂ ಆ ಗಾಜಿನ ಶೀಶೆ ತಲಪಿತು.

ನಾನು ಬಾಲಕನಾಗಿದ್ದಾಗ ಮಳವಳ್ಳಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅಂತಹ ಶೀಶೆ ಇದ್ದದ್ದು ಪಟೇಲರ ಮನೆಯಲ್ಲಿ ಒಂದು, ಅಷ್ಟೇ. ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವಾಗ ಬ್ರೆಡ್ಡಿನೊಡನೆ ಅದನ್ನೂ ಕೊಂಡೊಯ್ಯುವುದು ಗೌರವದ ಲಕ್ಷಣವಾಗಿತ್ತು. ಶಾಲೆಯಲ್ಲಿ ನಮಗೆ ಸಿಗುತ್ತಿದ್ದುದು ಕೇರ್ ಸಂಸ್ಥೆಯ ಮೂಲಕ ಬರುತ್ತಿದ್ದ ಹಾಲಿನ ಪುಡಿ ಮತ್ತು ಉಪ್ಪಿಟ್ಟು. ರಾಗಿಯನ್ನು ಪೌಷ್ಟಿಕವೆಂದು ಆಗ ಯಾರೂ ಹೊಗಳುತ್ತಿರಲಿಲ್ಲ. ಅದು ಇದ್ದೇ ಇತ್ತು, ಗಾಳಿಯ ಹಾಗೆ. ನಮ್ಮ ಕಡೆ ಹಿಟ್ಟು ಎಂದರೆ ಮುದ್ದೆಯೇ, ಬೇಯಿಸದ ಹಿಟ್ಟಿಗೆ ಹಸಿಟ್ಟು ಎಂದು ಬೇರೆ ಹೆಸರು. ಅಷ್ಟರಮಟ್ಟಿಗೆ ರಾಗಿ ಊಟಕ್ಕೆ ಪರ್ಯಾಯ ಪದವಾಗಿತ್ತು.

ಇದರ ಹಿಂದೆ ಸ್ವಲ್ಪ ಇತಿಹಾಸವಿದೆ. ಕನ್ನಂಬಾಡಿ ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ (ಈಗಿನ ವಿಶ್ವೇಶ್ವರಯ್ಯ ನಾಲೆ) ಹರಿದು ಬಂದದ್ದು, 1933ರಲ್ಲಿ ಮಂಡ್ಯದ ಮೈಷುಗರ್ ಸ್ಥಾಪನೆಯಾದದ್ದು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು ಎಲ್ಲವೂ ಒಂದೇ ದಶಕದ ಆಸುಪಾಸಿನ ಘಟನೆಗಳು. ನಾಲೆಯ ಕೆಳಗೆ ಕಬ್ಬು, ಭತ್ತ ಬಂದವು. ಅದುವರೆಗೆ ನೆಲವನ್ನಾಳಿದ್ದ ರಾಗಿ ಮಳೆಯಾಶ್ರಯದ ಹೊಲಗಳಿಗೆ ಸರಿಯಿತು. ನೀರು ಕಂಡ ಊರಿನವರು ಅನ್ನ ಉಣ್ಣುವವರಾದರು, ನೀರು ಕಾಣದ ಊರಿನವರು ಹಿಟ್ಟುಣ್ಣುವವರಾಗಿಯೇ ಉಳಿದರು. ಹೆಣ್ಣು ಕೊಡುವಾಗಲೂ ಈ ಲೆಕ್ಕಾಚಾರ ನಡೆಯುತ್ತಿದ್ದುದನ್ನು ನಾನೇ ಕಂಡಿದ್ದೇನೆ. ನೆಲ್ಲಿಗೂ ರಾಗಿಗೂ ವಾದ ಹೂಡಿಸಿ, ಕೊನೆಗೆ ಶ್ರೀರಾಮನಿಂದಲೇ ರಾಗಿಗೆ ಹಿರಿಮೆ ಕೊಡಿಸಿದ ಕನಕದಾಸರ 'ರಾಮಧಾನ್ಯ ಚರಿತೆ'ಯನ್ನು ತರಗತಿಯಲ್ಲಿ ಪ್ರಸ್ತಾಪಿಸಿದಾಗ ನಾಲೆಯ ಬಯಲಿನ ಹುಡುಗರು ನಗುತ್ತಿದ್ದರು, ಮಳೆಯಾಶ್ರಯದ ಊರಿನ ಹುಡುಗರು ನಗುತ್ತಿರಲಿಲ್ಲ.

ವಿಚಿತ್ರವೆಂದರೆ ಕಬ್ಬಿನ ನಾಡಾದ ಆ ಮಂಡ್ಯದಲ್ಲಿಯೇ ರಾಗಿಗೆ ಮರುಜನ್ಮ ದೊರೆಯಿತು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ನರ ಕಾಲದಲ್ಲಿ ಆರಂಭವಾದ ವಿ.ಸಿ. ಫಾರಂನಲ್ಲಿ, ಮುಂದೆ 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ವಿಜ್ಞಾನಿ 1960ರ ದಶಕದಲ್ಲಿ ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿದರು. ಒಂದು ಗ್ರಾಂ ತೂಕಕ್ಕೆ ಮುನ್ನೂರಕ್ಕೂ ಹೆಚ್ಚು ಕಾಳು ಬರುವ ಬೆಳೆ ಇದು. ಅದರ ಹೂವು ಎಷ್ಟು ಸೂಕ್ಷ್ಮವಾಗಿರಬೇಕೆಂಬುದನ್ನು ಊಹಿಸಿಕೊಳ್ಳಿ. ಅದೂ ಸ್ವಕೀಯ ಪರಾಗಸ್ಪರ್ಶದ ಹೂವು. ಅಂತಹುದರಲ್ಲಿ ಕೈಯಿಂದ ಸಂಕರ ಮಾಡುವುದು ತಪಸ್ಸಿನ ಕೆಲಸ. ಹೀಗೆ ಬಂದ ತಳಿಗಳಿಗೆ ಇಂಡೋ-ಆಫ್ರಿಕನ್ ಎಂಬುದನ್ನು ಕೂಡಿಸಿ 'ಇಂಡಾಫ್' ಎಂದು ಹೆಸರಿಟ್ಟರು. ಇಂಡಾಫ್-5, ಇಂಡಾಫ್-9 ಎಂದು ನಮ್ಮ ರೈತರು ಮನೆಯ ಮಕ್ಕಳ ಹೆಸರು ಹೇಳುವಂತೆ ಹೇಳುತ್ತಿದ್ದರು. ಈಚಿನ ವರ್ಷಗಳಲ್ಲಿ ಅದೇ ಕೇಂದ್ರದಿಂದ ಕೆಎಂಆರ್-340 ಎಂಬ ಬಿಳಿ ರಾಗಿಯೂ ಬಂದಿದೆ.

ಆಫ್ರಿಕದ ಮಾತು ಬಂದಿತಾದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶ. ಅಲ್ಲಿನವರಿಗೂ ರಾಗಿಯ ಮೊಳಕೆಯ ಗುಣ ಚೆನ್ನಾಗಿ ಗೊತ್ತು. ಉಗಾಂಡದ ತೇಸೊ ಜನರು ಮೊಳಕೆ ರಾಗಿಯಿಂದ ಮದ್ಯ ಮಾಡಿ, ನಡುವೆ ಒಂದು ಮಡಕೆಯಿಟ್ಟು ಸುತ್ತಲೂ ಕುಳಿತು ಉದ್ದನೆಯ ಕೊಳವೆಗಳಿಂದ ಹೀರುತ್ತಾರೆ. ಜಿಂಬಾಬ್ವೆಯವರು ಜೋಳದ ಗಂಜಿಗೆ ಮೊಳಕೆ ರಾಗಿಯ ಹಿಟ್ಟು ಬೆರೆಸಿ ಹುಳಿ ಬರಿಸಿ 'ಮಹೇವು' ಎಂಬ ಅಮಲಿಲ್ಲದ ಪಾನೀಯ ಮಾಡುತ್ತಾರೆ. ನಮ್ಮ ಅಂಬಲಿಗೆ ಅದು ದಾಯಾದಿ ಎನ್ನಬಹುದು.

ಇನ್ನು ನಮ್ಮ ಅಜ್ಜಿಯರ ವಿದ್ಯೆಗೆ ಬರೋಣ. ಹಳೆಯ ಮೈಸೂರು ಸೀಮೆಯಲ್ಲಿ ಎಳೆಯ ಮಕ್ಕಳಿಗೆ ಕೊಡುವ ರಾಗಿಯ ಗಂಜಿಗೆ 'ಸರಿ' ಎನ್ನುತ್ತಾರೆ. (ಆ ಹೆಸರನ್ನು ಯಾರಿಟ್ಟರೋ, ತಪ್ಪು ಎನ್ನಲು ಯಾರಿಗೂ ಅವಕಾಶವೇ ಇಲ್ಲ!) ಇದನ್ನು ಹುರಿಹಿಟ್ಟಿನೊಡನೆ ಬೆರೆಸಿ ಗೊಂದಲ ಮಾಡಿಕೊಳ್ಳಬಾರದು. ಹುರಿಹಿಟ್ಟು ಎಂದರೆ ರಾಗಿಗೆ ನೀರು ಚಿಮುಕಿಸಿ, ಕಾದ ಬಾಣಲೆಯಲ್ಲಿ ಅರಳಿಸಿ ಬೀಸಿದ ಹಿಟ್ಟು. ಬೆಲ್ಲ, ಹಾಲು, ತುಪ್ಪ ಕಲಸಿ ಉಂಡೆ ಕಟ್ಟಿ ತಿಂದರೆ ಅದರ ಪರಿಮಳಕ್ಕೆ ಸಾಟಿಯಿಲ್ಲ. ಆದರೆ ಅಲ್ಲಿ ಮೊಳಕೆಯೂ ಇಲ್ಲ, ಕಿಣ್ವವೂ ಇಲ್ಲ. ಸರಿ ಹಿಟ್ಟಿನ ರಾಗಿಯನ್ನು ಒಂದು ಹಗಲು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಎರಡು ದಿನ ಮೊಳಕೆ ಬರಿಸಿ, ನೆರಳಿನಲ್ಲಿಯೂ ಎಳೆಬಿಸಿಲಿನಲ್ಲಿಯೂ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬೇರು ಉದುರಿಸಿ, ಹದವಾಗಿ ಬೆಚ್ಚಗೆ ಮಾಡಿ ಬೀಸುತ್ತಿದ್ದರು. ಹಗೇವಿನಿಂದ ತೆಗೆದ ಹಳೆಯ ರಾಗಿ ಮುದ್ದೆಗೆ ಮಾತ್ರ, ಸರಿಗೆ ಹೊಸ ರಾಗಿಯೇ ಆಗಬೇಕು ಎಂಬುದು ನಮ್ಮ ಅಜ್ಜಿಯ ಕಟ್ಟಳೆಯಾಗಿತ್ತು.

ಇಷ್ಟೆಲ್ಲ ಶ್ರಮವೇಕೆ? ನೇರವಾಗಿ ರಾಗಿ ಬೀಸಿ ಗಂಜಿ ಕಾಯಿಸಿದರೆ ಸಾಲದೇ? ಸಾಲದು ಎಂಬುದೇ ಈ ವಿದ್ಯೆಯ ಮರ್ಮ. ಸಾಮಾನ್ಯ ಹಸಿಟ್ಟನ್ನು ಹತ್ತು ಪಾಲು ನೀರಿಗೆ ಒಂದು ಪಾಲು ಹಾಕಿ ಕಾಯಿಸಿದರೂ ಗಂಜಿ ಗಟ್ಟಿಯಾಗಿಬಿಡುತ್ತದೆ. ಎಂಟು ತಿಂಗಳ ಮಗು ಅದನ್ನು ನುಂಗಲಾರದು. ಆಗ ತಾಯಿ ಏನು ಮಾಡುತ್ತಾಳೆ? ನೀರು ಸೇರಿಸುತ್ತಾಳೆ. ಮಗುವಿನ ಹೊಟ್ಟೆ ಒಂದು ಸಣ್ಣ ಲೋಟದಷ್ಟು ಮಾತ್ರ ಹಿಡಿಯುತ್ತದೆ. ಅದು ನೀರಿನಿಂದಲೇ ತುಂಬಿಹೋಗುತ್ತದೆ. ಮಗು ಹೊಟ್ಟೆ ತುಂಬ ಉಂಡು ಹಸಿದೇ ಇರುತ್ತದೆ. ಮೊಳಕೆ ಹಿಟ್ಟಿನಲ್ಲಾದರೋ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ ಎರಡರಷ್ಟು ಹಿಟ್ಟು ಹಾಕಿದರೂ ಗಂಜಿ ತೆಳ್ಳಗೆ ಹರಿಯುತ್ತದೆ. ಅದೇ ಲೋಟ, ಅದೇ ಹೊಟ್ಟೆ, ಎರಡರಷ್ಟು ಅನ್ನ. ಲೀಬಿಗ್ ತನ್ನ ಪ್ರಯೋಗಾಲಯದಲ್ಲಿ ಕಂಡುಕೊಂಡ ಸತ್ಯವನ್ನು ಅಕ್ಷರ ಬಾರದ ಹೆಂಗಸರು ಒಲೆಯ ಮುಂದೆ ಕಂಡುಕೊಂಡಿದ್ದರು.

ನಮ್ಮ ಮಂಡ್ಯಕ್ಕೆ ಕೂಗಳತೆಯಲ್ಲಿರುವ ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಇದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿತು. ಅಲ್ಲಿನ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಅವರು ಮೊಳಕೆ ರಾಗಿಯೊಡನೆ ಮೊಳಕೆ ಹೆಸರುಕಾಳನ್ನು ಕೂಡಿಸಿ ಶಿಶು ಆಹಾರವೊಂದನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದರು. ಕಿರುಧಾನ್ಯಗಳ ಪೈಕಿ ಮೊಳಕೆಯಲ್ಲಿ ಅಮೈಲೇಸ್ ಹೇರಳವಾಗಿ ಹುಟ್ಟುವುದು ರಾಗಿಯಲ್ಲಿ ಎಂಬುದು ಅವರ ಸಂಶೋಧನೆಗಳಿಂದ ಸ್ಪಷ್ಟವಾಯಿತು. ಅದೇ ದಶಕದಲ್ಲಿ ಬರೋಡಾದ ತಾರಾ ಗೋಪಾಲದಾಸ್ ಅವರು, ಮೊಳಕೆ ಹಿಟ್ಟನ್ನು ಒಂದು ಚಿಟಿಕೆಯಷ್ಟು ಬೆರೆಸಿದರೂ ಗಟ್ಟಿ ಗಂಜಿ ತೆಳ್ಳಗಾಗುವುದನ್ನು ತೋರಿಸಿಕೊಟ್ಟರು.

ಈ ಕೊನೆಯದನ್ನು ನಾನು ಅನೇಕ ವರ್ಷ ಒಂಬತ್ತನೆಯ ತರಗತಿಯಲ್ಲಿ ಮಾಡಿ ತೋರಿಸಿದ್ದೇನೆ. ಎರಡು ಬೀಕರಿನಲ್ಲಿ ಚಮಚ ನಿಲ್ಲುವಷ್ಟು ಗಟ್ಟಿಯಾದ ರಾಗಿ ಗಂಜಿ. ಬೆರಳು ತಡೆಯುವಷ್ಟು ಬಿಸಿಗೆ ಇಳಿದ ಮೇಲೆ ಒಂದಕ್ಕೆ ಸಾಮಾನ್ಯ ಹಸಿಟ್ಟು ಅರ್ಧ ಚಮಚ, ಇನ್ನೊಂದಕ್ಕೆ ಮೊಳಕೆ ಹಿಟ್ಟು ಅರ್ಧ ಚಮಚ ಹಾಕಿ ಕಲಸುವುದು. ಕೆಲವೇ ನಿಮಿಷಗಳಲ್ಲಿ ಎರಡನೆಯದು ಮಜ್ಜಿಗೆಯಂತೆ ಹರಿಯತೊಡಗಿದಾಗ ಹುಡುಗರು ಬೆಂಚು ಬಿಟ್ಟು ಎದ್ದುಬರುತ್ತಿದ್ದರು. ನಂತರ ಅಯೋಡಿನ್ ಹನಿ ಹಾಕಿ ನೀಲಿ ಬಣ್ಣದ ವ್ಯತ್ಯಾಸವನ್ನು ತೋರಿಸುತ್ತಿದ್ದೆ. ಒಮ್ಮೆ ಮದ್ದೂರು ಕಡೆಯ ಹುಡುಗಿಯೊಬ್ಬಳು, 'ಸಾರ್, ನಮ್ಮವ್ವ ಸರಿ ಹಿಟ್ಟನ್ನು ತಣ್ಣೀರಿಗೇ ಕದಡಿ ಒಲೆ ಮೇಲಿಡೋದು ಇದಕ್ಕೇನಾ?' ಎಂದು ಕೇಳಿದಳು. ಪಠ್ಯಪುಸ್ತಕದಲ್ಲಿ ಇಲ್ಲದ, ಆದರೆ ನೂರಕ್ಕೆ ನೂರು ಅಂಕ ಕೊಡಬೇಕಾದ ಪ್ರಶ್ನೆ ಅದು. ಕಿಣ್ವ ಚುರುಕಾಗಿ ಕೆಲಸ ಮಾಡುವುದು ಅರುವತ್ತು ಎಪ್ಪತ್ತು ಡಿಗ್ರಿಯ ಬಿಸಿಯಲ್ಲಿ, ಕುದಿಯುವ ನೀರಿನಲ್ಲಿ ಅದು ಸಾಯುತ್ತದೆ. ತಣ್ಣೀರಿಗೆ ಕದಡಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಹಿಟ್ಟು ಆ ಹದವನ್ನು ನಿಧಾನವಾಗಿ ದಾಟಿ ಹೋಗುತ್ತದೆ. ಕುದಿನೀರಿಗೆ ಸುರಿದರೆ ಎರಡು ದಿನ ಕಾದು ಬರಿಸಿದ ಮೊಳಕೆಯ ಫಲ ಅರೆಗಳಿಗೆಯಲ್ಲಿ ಹಾಳು. ಜರ್ಮನರು ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸುವುದೂ ಇದೇ ಅರುವತ್ತು ಎಪ್ಪತ್ತರ ಹದದಲ್ಲಿ.

ರಾಗಿಯ ಇತರ ಗುಣಗಳು ಈಗ ಎಲ್ಲರಿಗೂ ಬಾಯಿಪಾಠವಾಗಿವೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ, ಬಾರ್ಲಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಸಸಾರಜನಕ ಮಾತ್ರ ಏಳು ಗ್ರಾಂ, ಕಡಿಮೆಯೇ. ಹೆಸರುಕಾಳು ಅಥವಾ ಹಾಲು ಕೂಡಿಸುವುದು ಅದಕ್ಕಾಗಿ. ರಾಗಿಯಲ್ಲಿರುವ ಫೈಟೇಟ್, ಟ್ಯಾನಿನ್ ಎಂಬ ವಸ್ತುಗಳು ಕಬ್ಬಿಣ, ಸುಣ್ಣಗಳನ್ನು ದೇಹಕ್ಕೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮೊಳಕೆ ಬಂದಾಗ ಅವುಗಳ ಹಿಡಿತ ಸಡಿಲವಾಗುತ್ತದೆ. ಆದರೆ ನನ್ನಂತಹ ಸಕ್ಕರೆ ಕಾಯಿಲೆಯವರು ಒಂದು ಮಾತು ಗಮನಿಸಬೇಕು. ಪಿಷ್ಟ ಮೊದಲೇ ಒಡೆದಿರುವ ಗಂಜಿ ರಕ್ತಕ್ಕೆ ಬೇಗ ಸೇರುತ್ತದೆ. ಮಗುವಿಗೆ ವರವಾದದ್ದೇ ನಮಗೆ ಶಾಪವಾಗಬಹುದು. ರಾಗಿ ಎಂಬ ಹೆಸರು ಕೇಳಿ ಲೋಟಗಟ್ಟಲೆ ಮಾಲ್ಟ್ ಕುಡಿಯುವ ನನ್ನ ವಾಯುವಿಹಾರದ ಮಿತ್ರರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. ನಮಗೆ ಮುದ್ದೆಯೇ ಲೇಸು, ಅದೂ ಮಿತವಾಗಿ.

ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಬೇರೆ ಸಂಗತಿ. ನಾನು ಕೆಲಸದಲ್ಲಿದ್ದಾಗ, ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ತಲೆಸುತ್ತಿ ಬೀಳುವ ಮಕ್ಕಳು ಪ್ರತಿವರ್ಷವೂ ಇರುತ್ತಿದ್ದರು, ಬಹುಪಾಲು ಹೆಣ್ಣುಮಕ್ಕಳು. ಅಂತಹ ಒಬ್ಬಳ ತಾಯಿಯನ್ನು ಕರೆಸಿ ವಿಚಾರಿಸಿದೆ. ಕೂಲಿಯಾಕೆ. 'ಪುಡಿ ತಂದು ಕುಡಿಸ್ತಾ ಇದೀನಿ ಸಾರ್' ಎಂದಳು. ಮೂರು ದಿನದ ಕೂಲಿ ಕೊಟ್ಟು ತಂದ ಒಂದು ಡಬ್ಬಿ. ಅದು ತಿಂಗಳುಪೂರ್ತಿ ಬರಬೇಕೆಂದು, ಮನೆಯಲ್ಲಿ ಹಾಲಿಲ್ಲದ ಕಾರಣ, ಬಿಸಿನೀರಿಗೆ ಅರ್ಧ ಚಮಚ ಹಾಕಿ ಮೂವರು ಮಕ್ಕಳಿಗೆ ಹಂಚುತ್ತಿದ್ದಳು. ಬಣ್ಣದ ನೀರು. ಅದೇ ಮನೆಯ ಮೂಲೆಯಲ್ಲಿ ಎರಡು ಮೂಟೆ ರಾಗಿ ಇತ್ತು. ಆ ರಾಗಿಯಿಂದಲೂ ಪುಡಿ ಆಗುತ್ತದೆಂಬುದು ಆಕೆಯ ಅತ್ತೆಗೆ ಗೊತ್ತಿತ್ತು, ಆಕೆಗೆ ಗೊತ್ತಿರಲಿಲ್ಲ. ಒಂದು ತಲೆಮಾರಿನಲ್ಲಿ ವಿದ್ಯೆ ಕೈತಪ್ಪುವುದು ಹೀಗೆ.

ಈಗ ರಾಗಿಗೆ ಮರ್ಯಾದೆ ಬಂದಿದೆ. 2023ನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. 2013ರಿಂದ ಕ್ಷೀರಭಾಗ್ಯದ ಹಾಲು ಕುಡಿಯುತ್ತಿದ್ದ ನಮ್ಮ ಶಾಲಾ ಮಕ್ಕಳಿಗೆ 2024ರ ಫೆಬ್ರವರಿಯಿಂದ ಆ ಹಾಲಿನೊಡನೆ ರಾಗಿ ಮಾಲ್ಟ್ ಬೆರೆಸಿ, ಆರಂಭದಲ್ಲಿ ವಾರಕ್ಕೆ ಮೂರು ದಿನ, ಕೊಡಲಾಯಿತು. ಹಾಲೂ ರಾಗಿಯೂ ಕೂಡಿದ್ದು ಒಳ್ಳೆಯ ಆಲೋಚನೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯವು ಅಂತರಜಾಲದ ಮಾರಾಟಗಾರರಿಗೆ ಸೂಚನೆ ಕಳುಹಿಸಿ, ಇಂತಹ ಪಾನೀಯಗಳನ್ನು 'ಆರೋಗ್ಯ ಪೇಯ' ಎಂಬ ವರ್ಗದಿಂದ ತೆಗೆಯಬೇಕೆಂದಿತು. ನಮ್ಮ ಆಹಾರ ಕಾಯಿದೆಯಲ್ಲಿ ಆರೋಗ್ಯ ಪೇಯ ಎಂಬುದಕ್ಕೆ ವ್ಯಾಖ್ಯೆಯೇ ಇಲ್ಲ ಎಂಬುದು ಅದಕ್ಕೆ ಕಾರಣ. ಹಾಗೆಂದು ರಾಗಿಯ ಪೊಟ್ಟಣಗಳೆಲ್ಲ ನಿರ್ದೋಷಿಗಳೆಂದು ತಿಳಿಯಬಾರದು. ಹಿಂಬದಿಯ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿ. ಯಾವ ವಸ್ತು ಹೆಚ್ಚು ಇದೆಯೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಸಕ್ಕರೆ ಮೊದಲಿದ್ದು ರಾಗಿ ನಂತರವಿದ್ದರೆ ಅದು ರಾಗಿ ಬೆರೆತ ಸಕ್ಕರೆ. ಮೊಳಕೆ ಎಂಬ ಪದವೇ ಎಲ್ಲಿಯೂ ಇಲ್ಲದಿದ್ದರೆ ಅದಕ್ಕೆ ಮಾಲ್ಟ್ ಎಂಬ ಹೆಸರು ಸಲ್ಲುವುದಿಲ್ಲ. ಸಂಶಯವಿದ್ದರೆ ಮೇಲೆ ಹೇಳಿದ ಗಟ್ಟಿ ಗಂಜಿಯ ಪರೀಕ್ಷೆ ಮಾಡಿ ನೋಡಬಹುದು. ಗಂಜಿ ಹರಿಯದಿದ್ದರೆ ಆ ಪೊಟ್ಟಣದಲ್ಲಿ ಮೊಳಕೆಯೇ ಇರಲಿಲ್ಲ, ಇಲ್ಲವೇ ವಿಪರೀತ ಹುರಿದು ಅದರ ಕಿಣ್ವವನ್ನು ಕೊಂದಿದ್ದಾರೆ.

ಸರಿ ಹಿಟ್ಟನ್ನು ಮನೆಯಲ್ಲಿ ಮಾಡುವ ಕ್ರಮವನ್ನು ಕೇಳಿದವರಿಗಾಗಿ ನನ್ನ ಶ್ರೀಮತಿಯವರು ಹೇಳಿದ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ಏಳು ಪಾವು ರಾಗಿ, ಮೂರು ಪಾವು ಹೆಸರುಕಾಳು. ಎರಡನ್ನೂ ಬೇರೆ ಬೇರೆಯಾಗಿ ನೆನೆಸಿ ಮೊಳಕೆ ಕಟ್ಟಬೇಕು. ಹೆಸರುಕಾಳು ಒಂದು ದಿನಕ್ಕೇ ಮೊಳೆಯುತ್ತದೆ, ರಾಗಿಗೆ ಎರಡು ದಿನ ಬೇಕು. ಬಟ್ಟೆಯನ್ನು ದಿನಕ್ಕೆ ಎರಡು ಬಾರಿಯಾದರೂ ಒದ್ದೆ ಮಾಡಬೇಕು. ಮಳೆಗಾಲದಲ್ಲಿ ಬೂಸಲು ಕಂಡರೆ ಅಥವಾ ಮುಗ್ಗಲು ವಾಸನೆ ಬಂದರೆ ಉಳಿಸುವ ಆಸೆ ಬೇಡ, ಚೆಲ್ಲಿಬಿಡಿ. ಒಣಗಿದ ಮೇಲೆ ಕೈಯಲ್ಲಿ ಹಿಡಿಯಬಹುದಾದಷ್ಟು ಮಾತ್ರ ಬೆಚ್ಚಗೆ ಮಾಡಿ, ಕೆಂಪಗೆ ಹುರಿಯಬೇಡಿ. ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ, ಆಮೇಲೆ ಇದು. ಹಿಟ್ಟನ್ನು ತಣ್ಣೀರಿಗೆ ಕದಡಿ ಸಣ್ಣ ಉರಿಯಲ್ಲಿಟ್ಟು, ಕೈಬಿಡದೆ ತಿರುವುತ್ತ, ಕೊನೆಗೆ ಒಂದು ಕುದಿ ಬರಿಸಿ ಇಳಿಸಿ. ತೇವ ತಾಗದ ಡಬ್ಬಿಯಲ್ಲಿ ತುಂಬಿಟ್ಟರೆ ಹಿಟ್ಟು ಒಂದು ತಿಂಗಳು ಕೆಡುವುದಿಲ್ಲ.